ರೀಬಾರ್ನ್ ರಿಚ್: ಸೇಡು ತೀರಿಸಲು ಬಂದವನು ಮೊಮ್ಮಗನಾದ ಕಥೆ

ರೀಬಾರ್ನ್ ರಿಚ್ ಅನ್ನುವ ಧಾರಾವಾಹಿ ಕೊರಿಯಾದ ಜೆಟಿಬಿಸಿ ಚಾನೆಲ್‌ನಲ್ಲಿ ಶುರುವಾಗಿದ್ದು 2022ರ ನವೆಂಬರ್ 18ಕ್ಕೆ. ವಾರಕ್ಕೆ ಮೂರು ದಿನ ಬಂದು ಅದೇ ವರ್ಷ ಕ್ರಿಸ್‌ಮಸ್ ದಿನ ಮುಗಿಯಿತು. ಒಟ್ಟು 16 ಕಂತು, ಒಂದೊಂದೂ ಒಂದು ಗಂಟೆಗೂ ಮೇಲೆ. ಕೊನೆಯ ಕಂತಿನ ರೇಟಿಂಗ್ ಶೇಕಡ 26.9. ಅದೇ ಕಂತನ್ನು ನೋಡಿ ಅಲ್ಲಿನ ಜನ ಸಿಕ್ಕಾಪಟ್ಟೆ ಬೈದರು ಕೂಡ. ನಮ್ಮ ಮೈಸೂರಿನಲ್ಲಿ ಕೊರಿಯನ್ ಧಾರಾವಾಹಿ ಅಂದರೆ ಕಾಲೇಜು ಹುಡುಗಿಯರು ನೋಡುವ ಪ್ರೇಮಕಥೆ ಅಂದುಕೊಂಡವರು ಇನ್ನೂ ಇದ್ದಾರೆ. ಅಂಥವರೇ ಇದನ್ನು ಮೊದಲು ನೋಡಬೇಕು. ಯಾಕೆಂದರೆ ಇದು ಆಸ್ತಿ ಕಥೆ. ತಾತ ಯಾರಿಗೆ ಏನು ಬರೆದಿಟ್ಟ, ಅಣ್ಣತಮ್ಮಂದಿರು ಹೇಗೆ ಕಿತ್ತಾಡಿದರು, ಅಳಿಯ ಎಲ್ಲಿ ಮೂಗು ತೂರಿಸಿದ, ಸೊಸೆ ಯಾರ ಕಿವಿ ಊದಿದಳು. ಇದೆಲ್ಲ ನಮಗೆ ಗೊತ್ತಿಲ್ಲದ ವಿಷಯವಾ?

ಕಥೆ ಹೀಗಿದೆ. ಸೂನ್‌ಯಾಂಗ್ ಅನ್ನುವ ದೊಡ್ಡ ಕಂಪನಿ. ಕಾರು, ಚಿಪ್, ಡಿಪಾರ್ಟ್‌ಮೆಂಟ್ ಸ್ಟೋರ್, ಹಣಕಾಸು, ಎಲ್ಲವೂ ಒಂದೇ ಮನೆಯವರದು. ಅಲ್ಲಿ ಕೆಲಸಕ್ಕಿರುವ ಯೂನ್ ಹ್ಯುನ್-ವೂ ಆ ಮನೆಯವರು ಹೇಳಿದ್ದನ್ನೆಲ್ಲ ಮಾಡುತ್ತಾನೆ. ಯಾಕೆ ಅಂತ ಕೇಳುವುದಿಲ್ಲ, ಆಗಲ್ಲ ಅನ್ನುವುದಿಲ್ಲ. ವಿದೇಶದಲ್ಲಿ ಬಚ್ಚಿಟ್ಟ ಕಪ್ಪುಹಣ ತರಲು ಅವನನ್ನೇ ಕಳಿಸುತ್ತಾರೆ, ಅಲ್ಲೇ ಅವನಿಗೆ ಗುಂಡು ಬೀಳುತ್ತದೆ. ಕಣ್ಣು ಬಿಟ್ಟರೆ 1987. ಅವನೀಗ ಅದೇ ಮನೆಯ ಕಿರಿಯ ಮೊಮ್ಮಗ ಜಿನ್ ಡೋ-ಜುನ್, ಇನ್ನೂ ಶಾಲೆಗೆ ಹೋಗುವ ಹುಡುಗ. ಪರಕಾಯ ಪ್ರವೇಶದ ಕಥೆಗಳು ನಮಗೆ ಹೊಸದಲ್ಲ. ಆದರೆ ಇಲ್ಲಿ ಜೀವ ಹೊಕ್ಕಿರುವುದು ತನ್ನನ್ನು ಕೊಂದವರ ಮನೆಯ ಮಗುವಿನೊಳಗೆ. ಯಾರು ಕೊಲ್ಲಿಸಿದರು ಅಂತ ಪತ್ತೆ ಮಾಡಬೇಕು, ಕಂಪನಿಯನ್ನೇ ಅವರ ಕೈಯಿಂದ ಕಿತ್ತುಕೊಳ್ಳಬೇಕು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಗ ಊಟದ ಮೇಜಿನ ಮುಂದೆ ಕೂರುತ್ತಾನೆ.

ಮೊದಲ ಕೆಲವು ಕಂತುಗಳ ಮಜಾ ಇರುವುದು ಅವನಿಗೆ ಮುಂದಾಗುವುದೆಲ್ಲ ಗೊತ್ತು ಅನ್ನುವುದರಲ್ಲಿ. 1987ರ ನವೆಂಬರ್ 29ಕ್ಕೆ ಕೊರಿಯನ್ ಏರ್ 858 ವಿಮಾನದಲ್ಲಿ ಬಾಂಬ್ ಸಿಡಿದು 115 ಜನ ಸತ್ತಿದ್ದು ನಿಜವಾಗಿ ನಡೆದದ್ದು. ಧಾರಾವಾಹಿಯಲ್ಲಿ ತಾತನ ಜೀವ ಉಳಿಯುವುದು ಮೊಮ್ಮಗ ಮೊದಲೇ ಕೊಟ್ಟ ಸುಳಿವಿನಿಂದ. ಅದೇ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ಚುನಾವಣೆ. ಯಾರಿಗೆ ದುಡ್ಡು ಕೊಡಬೇಕು ಅಂತ ದೊಡ್ಡವರೆಲ್ಲ ತಲೆ ಕೆಡಿಸಿಕೊಂಡಿದ್ದಾಗ ಈ ಹುಡುಗ ಸರಿಯಾದ ಲೆಕ್ಕ ಹೇಳುತ್ತಾನೆ. ಕಿಮ್ ಹೆಸರಿನ ಇಬ್ಬರು ವಿರೋಧಿ ನಾಯಕರ ನಡುವೆ ಓಟು ಒಡೆದು ಆಳುವ ಪಕ್ಷದ ರೋ ಟೇ-ವೂ ಬರೀ ಶೇಕಡ 36.6 ಓಟಿನಲ್ಲಿ ಗೆದ್ದಿದ್ದು ಇತಿಹಾಸ. ಆಮೇಲೆ ತಾತನ ಕೈಯಿಂದ ಬುಂಡಾಂಗ್ ಅನ್ನುವ ಕಡೆ ಜಮೀನು ಕೇಳಿ ಪಡೆಯುತ್ತಾನೆ. 1989ರಲ್ಲಿ ಅಲ್ಲೇ ಸರ್ಕಾರ ಹೊಸ ಪಟ್ಟಣ ಘೋಷಿಸಿತು. ನಮ್ಮ ರಿಂಗ್ ರೋಡ್ ಪಕ್ಕದ ಹೊಲಗಳ ರೇಟು ಏರಿದ್ದನ್ನು ಕಣ್ಣಾರೆ ಕಂಡವರಿಗೆ ಈ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಷ್ಟೇ ಆಗಿದ್ದರೆ ನಾನು ನಾಲ್ಕನೇ ಕಂತಿಗೆ ಬಿಟ್ಟುಬಿಡುತ್ತಿದ್ದೆ. ಎಲ್ಲ ಗೊತ್ತಿರುವವನು ಗೆಲ್ಲುವುದರಲ್ಲಿ ಏನಿದೆ? ನನ್ನನ್ನು ಕೂರಿಸಿದ್ದು ತಾತ.

ಜಿನ್ ಯಾಂಗ್-ಚುಲ್ ಅನ್ನುವ ಈ ತಾತನ ಪಾತ್ರ ಮಾಡಿದವರು ಲೀ ಸುಂಗ್-ಮಿನ್. ಆಗ ಅವರಿಗೆ ಐವತ್ತರ ಮೇಲೆ ಸ್ವಲ್ಪ ಅಷ್ಟೇ ವಯಸ್ಸು. ಆದರೆ ಮುದುಕನ ನಡಿಗೆ, ಕೆಮ್ಮು, ಊರಿನ ಕಡೆಯ ಮಾತು, ಮಾತಿನ ಮಧ್ಯೆ ಸುಮ್ಮನಾಗಿ ಎದುರಿನವರನ್ನು ನೋಡುವ ರೀತಿ, ಒಂದೂ ನಟನೆ ಅನ್ನಿಸುವುದಿಲ್ಲ. 2023ರಲ್ಲಿ ಕೊರಿಯಾದ ಬೇಕ್‌ಸಾಂಗ್ ಪ್ರಶಸ್ತಿಯಲ್ಲಿ ಟಿವಿ ವಿಭಾಗದ ಅತ್ಯುತ್ತಮ ನಟ ಅವರೇ, ಇದೇ ಪಾತ್ರಕ್ಕೆ. ಹೀರೋ ಸಾಂಗ್ ಜೂಂಗ್-ಕಿ ಚೆನ್ನಾಗಿ ಮಾಡಿದ್ದಾರೆ, ಆದರೆ ಇಬ್ಬರೂ ಒಂದೇ ಕೋಣೆಯಲ್ಲಿದ್ದರೆ ಕಣ್ಣು ತಾತನ ಕಡೆಗೇ ಹೋಗುತ್ತದೆ.

ಈ ತಾತ ಅಕ್ಕಿ ಮಿಲ್ಲಿನಿಂದ ಮೇಲೆ ಬಂದವನು. ನಾನು ಇದನ್ನು ನೋಡಿದ್ದು ಮಂಡ್ಯದಲ್ಲಿ, ಸೋದರತ್ತೆಯ ಮನೆಯಲ್ಲಿ. ಅವರ ಮಾವನವರದೂ ಒಂದು ಕಾಲಕ್ಕೆ ರೈಸ್ ಮಿಲ್ಲು. ಮಿಲ್ಲಿನ ಮಾತು ಬಂದ ತಕ್ಷಣ ಅತ್ತೆ ಕೈಯಲ್ಲಿದ್ದ ಅವರೆಕಾಯಿ ಬಿಟ್ಟು ಟಿವಿ ಕಡೆ ತಿರುಗಿದರು. ಇಂಗ್ಲಿಷ್ ಸಬ್‌ಟೈಟಲ್ ಓದಿ ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ಆಗಾಗ ನನಗಿಂತ ಮುಂಚೆಯೇ ಮುಂದೇನಾಗುತ್ತದೆ ಅಂತ ಹೇಳುತ್ತಿದ್ದರು. ತಾತ ಯಾವ ಮಗನನ್ನು ನಂಬುತ್ತಿದ್ದಾನೆ, ಯಾರನ್ನು ಬರೀ ಪರೀಕ್ಷೆ ಮಾಡುತ್ತಿದ್ದಾನೆ ಅನ್ನುವುದು ಅವರಿಗೆ ಭಾಷೆ ಇಲ್ಲದೆಯೇ ತಿಳಿಯುತ್ತಿತ್ತು.

ಅಕ್ಕಿ ಮಿಲ್ಲು ಅಂದ ಕೂಡಲೇ ಸ್ಯಾಮ್‌ಸಂಗ್ ನೆನಪಾಗದೆ ಇರುವುದಿಲ್ಲ. ಅದರ ಸ್ಥಾಪಕ ಲೀ ಬ್ಯುಂಗ್-ಚುಲ್ 1936ರಲ್ಲಿ ಮಾಸಾನ್ ಅನ್ನುವ ಊರಿನಲ್ಲಿ ಅಕ್ಕಿ ಮಿಲ್ಲು ಹಾಕಿದ್ದವರು. ಸ್ಯಾಮ್‌ಸಂಗ್ ಶುರುವಾಗಿದ್ದು 1938ರಲ್ಲಿ. ಅವರು ತೀರಿಕೊಂಡಿದ್ದು 1987ರ ನವೆಂಬರ್‌ನಲ್ಲಿ, ಕುರ್ಚಿ ಹೋಗಿದ್ದು ಮೂರನೆಯ ಮಗನಿಗೆ. ಹಿರಿಯ ಮಗ ಎಷ್ಟೋ ವರ್ಷದ ಮೇಲೆ, 2012ರಲ್ಲಿ, ಪಾಲು ಕೇಳಿ ತಮ್ಮನ ಮೇಲೆ ಕೋರ್ಟಿಗೆ ಹೋಗಿ ಸೋತರು. ಇಷ್ಟು ಗೊತ್ತಿದ್ದರೆ ಧಾರಾವಾಹಿಯಲ್ಲಿ ಹಿರಿಯ ಮಗನ ಮುಖದಲ್ಲಿ ಯಾಕೆ ಯಾವಾಗಲೂ ಭಯ ಇರುತ್ತದೆ ಅಂತ ಅರ್ಥವಾಗುತ್ತದೆ. ಇನ್ನೊಂದು ವಿಷಯ ಗೊತ್ತಿರಲಿ. ಕೊರಿಯಾದಲ್ಲಿ ಪಿತ್ರಾರ್ಜಿತ ಆಸ್ತಿಗೆ ತೆರಿಗೆ ಇದೆ, ಮೇಲಿನ ದರ ಶೇಕಡ 50. 2021ರಲ್ಲಿ ಸ್ಯಾಮ್‌ಸಂಗ್ ಮನೆಯವರು ಕಟ್ಟುತ್ತೇವೆ ಅಂದ ತೆರಿಗೆ 12 ಲಕ್ಷ ಕೋಟಿ ವಾನ್‌ಗೂ ಜಾಸ್ತಿ. ನಮ್ಮಲ್ಲಿ ಅಂಥದೇ ತೆರಿಗೆ, ಎಸ್ಟೇಟ್ ಡ್ಯೂಟಿ, 1985ರಲ್ಲೇ ಹೋಯಿತು. ಹಾಗಾಗಿ ಧಾರಾವಾಹಿಯಲ್ಲಿ ಎಲ್ಲರೂ ಷೇರು ಷೇರು ಅಂತ ಯಾಕೆ ಒದ್ದಾಡುತ್ತಾರೆ ಅಂತ ನಮಗೆ ಮೊದಲಿಗೆ ತಿಳಿಯುವುದಿಲ್ಲ. ಅಪ್ಪ ಸತ್ತರೆ ಕಂಪನಿ ತಾನಾಗಿ ಮಕ್ಕಳ ಕೈಗೆ ಬರುವುದಿಲ್ಲ, ಬರುವಷ್ಟರಲ್ಲಿ ಅರ್ಧ ಕರಗಿರುತ್ತದೆ. ಜಗಳದ ಬೇರು ಇರುವುದು ಇಲ್ಲಿ.

ಮೈಸೂರಿನಲ್ಲಿ ಬೆಳೆದವರಿಗೆ ಪಟ್ಟ ಯಾರಿಗೆ ಅನ್ನುವ ಪ್ರಶ್ನೆ ಚಿಕ್ಕಂದಿನಿಂದ ಕೇಳಿದ್ದು. ಅಲಮೇಲಮ್ಮನ ಶಾಪದ ಕಥೆ ಕೇಳದವರು ಇಲ್ಲಿ ಯಾರು? ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು, 1881ರಲ್ಲಿ ರಾಜ್ಯ ಆ ದತ್ತುಮಗನ ಕೈಗೆ ಬಂತು, 2015ರಲ್ಲಿ ಯದುವೀರರಿಗೆ ಪಟ್ಟವಾಗಿದ್ದೂ ದತ್ತಿನಿಂದಲೇ. ಅರಮನೆಯಲ್ಲಿ ಕುರ್ಚಿ ಇತ್ತು, ಕೂರಲು ಮಗ ಇರಲಿಲ್ಲ. ಸೂನ್‌ಯಾಂಗ್ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳು ತುಂಬಿದ್ದಾರೆ, ಒಬ್ಬರೂ ತಾತನ ಮನಸ್ಸಿಗೆ ಬರುವುದಿಲ್ಲ. ಕೊನೆಗೆ ಅವನಿಗೆ ನನ್ನ ಹಾಗೇ ಇದ್ದಾನೆ ಅಂತ ಅನ್ನಿಸುವುದು ಡೋ-ಜುನ್ ಒಬ್ಬನೇ. ರಕ್ತ ಮೊಮ್ಮಗನದು, ಬುದ್ಧಿ ಮಾತ್ರ ಆ ಮನೆಯ ಕೆಲಸದವನದು. ತಾತನಿಗೆ ಅದು ಗೊತ್ತಿಲ್ಲ. ತನ್ನ ಮನೆಯವರು ಮುಂದೊಂದು ದಿನ ಕೊಲ್ಲಿಸುವ ನೌಕರನಲ್ಲೇ ಅವನು ತನ್ನ ವಾರಸುದಾರನನ್ನು ಕಾಣುತ್ತಿದ್ದಾನೆ. ನೋಡುವ ನಮಗೆ ಗೊತ್ತು. ಇಬ್ಬರೂ ಎದುರುಬದುರು ಕೂತಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಸೇಡಿಗೆ ಅಂತ ಬಂದವನು ತಾತನನ್ನು ಪ್ರೀತಿಸಲು ಶುರು ಮಾಡುವುದು ಯಾವ ಗಳಿಗೆಯಲ್ಲಿ ಅಂತ ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. ಅಷ್ಟು ನಿಧಾನ, ಅಷ್ಟು ನಿಜ.

ತಾತನ ಮಗಳು ಹ್ವಾ-ಯಂಗ್ ಬಗ್ಗೆ ಹೇಳಲೇಬೇಕು. ಕಿಮ್ ಶಿನ್-ರೋಕ್ ಅದ್ಭುತವಾಗಿ ಮಾಡಿದ್ದಾರೆ. ಮಗಳಿಗೆ ಡಿಪಾರ್ಟ್‌ಮೆಂಟ್ ಸ್ಟೋರ್ ಕೊಟ್ಟು ಪಕ್ಕಕ್ಕೆ ಕೂರಿಸಿದ್ದಾರೆ, ಕುರ್ಚಿಯ ಮಾತು ಬಂದಾಗ ಅವಳ ಹೆಸರೇ ಇಲ್ಲ. "ಅಲ್ಲ ಕಣ್ಲಾ, ಮಗಳಿಗೆ ಬರೀ ಅಂಗಡಿ ಕೊಟ್ಟು ಕೂರ್ಸವ್ನಲ್ಲ ಮುದುಕ" ಅಂದರು ಅತ್ತೆ. ಅವರಿಗೆ ಹೇಳುವ ಹಕ್ಕಿದೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಇವತ್ತಿಗೂ ಇದೆ. ಕರ್ನಾಟಕದಲ್ಲಿ 1994ರಲ್ಲೇ ಕಾನೂನು ತಿದ್ದಿ ಮಗಳಿಗೂ ಪಾಲು ಅಂದರು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟರು. 2005ರಲ್ಲಿ ದೇಶಕ್ಕೆಲ್ಲ ಕಾನೂನು ಬಂತು, 2020ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿತು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅಣ್ಣಂದಿರ ಪಕ್ಕ ನಿಂತು ಹೆಬ್ಬೆಟ್ಟು ಒತ್ತಿದವರಿಗೆ ಹ್ವಾ-ಯಂಗ್ ಕಿರುಚಾಟ ಅತಿ ಅನ್ನಿಸುವುದಿಲ್ಲ. ಅವಳು ದುಡುಕಿ ಷೇರು ಆಟದಲ್ಲಿ ಅಂಗಡಿಯ ದುಡ್ಡು ಕಳೆಯುವುದನ್ನು ಧಾರಾವಾಹಿ ತಮಾಷೆಯ ಹಾಗೆ ತೋರಿಸುತ್ತದೆ. ಅದು ನನಗೆ ಹಿಡಿಸಲಿಲ್ಲ. ಅವಳ ಹಸಿವಿಗೆ ಒಂದು ಕಾರಣ ಇತ್ತು, ಅದನ್ನು ಇನ್ನೊಂದು ದೃಶ್ಯದಲ್ಲಾದರೂ ಹೇಳಬಹುದಿತ್ತು.

ಮಧ್ಯದ ಕಂತುಗಳಲ್ಲಿ 1997ರ ಐಎಂಎಫ್ ಬಿಕ್ಕಟ್ಟು ಬರುತ್ತದೆ. ಆ ವರ್ಷ ನವೆಂಬರ್‌ನಲ್ಲಿ ಕೊರಿಯಾ ಐಎಂಎಫ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಚಾಚಿತು, ಕಂಪನಿಗಳು ಮುಳುಗಿದವು, ಜನರ ಕೆಲಸ ಹೋಯಿತು. ಮರುವರ್ಷ ಜನ ಮನೆಯ ಚಿನ್ನವನ್ನೇ ತಂದು ದೇಶಕ್ಕೆ ಕೊಟ್ಟರು. ಡೋ-ಜುನ್ ಇಲ್ಲಿ ದುಡ್ಡು ಮಾಡುತ್ತಾನೆ, ಆದರೆ ತನ್ನ ಹಳೆಯ ಜನ್ಮದ ಅಮ್ಮನನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಅಷ್ಟೆಲ್ಲ ಗೊತ್ತಿದ್ದೂ ಅವನು ಸೋಲುವ ಈ ಜಾಗವೇ ಅವನನ್ನು ಮನುಷ್ಯನನ್ನಾಗಿ ಮಾಡುತ್ತದೆ. ಪ್ರಾಸಿಕ್ಯೂಟರ್ ಹುಡುಗಿಯ ಜೊತೆಗಿನ ಪ್ರೀತಿ ಮಾತ್ರ ಸಪ್ಪೆ. ಅದನ್ನು ಓಡಿಸಿ ನೋಡಿದರೂ ನಷ್ಟವಿಲ್ಲ.

ಇಲ್ಲಿಂದ ಮುಂದೆ ಅಂತ್ಯದ ಮಾತು. ನೋಡದವರು ಇಲ್ಲಿಗೇ ನಿಲ್ಲಿಸಿ.

ತಾತನಿಗೆ ಮಿದುಳಿನ ಕಾಯಿಲೆ. ಊರೆಲ್ಲ ಹೆದರುತ್ತಿದ್ದ ಮನುಷ್ಯನಿಗೆ ಎದುರಿರುವವರು ಯಾರು ಅನ್ನುವುದೇ ಮರೆಯುತ್ತದೆ. ಮೊಮ್ಮಗನನ್ನು ಲಾರಿ ಗುದ್ದಿಸಿ ಕೊಲ್ಲಿಸಲು ನೋಡಿದ್ದು ತಾತನ ಹೆಂಡತಿಯೇ ಅಂತ ಗೊತ್ತಾಗುತ್ತದೆ. ಉಯಿಲಿನಲ್ಲಿ ಡೋ-ಜುನ್‌ಗೆ ಏನೂ ಇಲ್ಲ. ಈ ಕಂತುಗಳಷ್ಟು ಗಟ್ಟಿಯಾದ ಕೌಟುಂಬಿಕ ಕಥೆಯನ್ನು ನಾನು ಟಿವಿಯಲ್ಲಿ ತುಂಬ ಕಾಲದಿಂದ ನೋಡಿರಲಿಲ್ಲ. ಆಮೇಲೆ ಡೋ-ಜುನ್‌ನನ್ನೂ ಲಾರಿ ಗುದ್ದಿಸಿ ಕೊಲ್ಲುತ್ತಾರೆ. ಹ್ಯುನ್-ವೂ ತನ್ನ ಹಳೆಯ ಮೈಯಲ್ಲೇ ಎಚ್ಚರಗೊಳ್ಳುತ್ತಾನೆ. ಅಷ್ಟು ವರ್ಷ ಬದುಕಿದ್ದೆಲ್ಲ ಇಲ್ಲಿ ಬರೀ ಒಂದು ವಾರ. ಡೋ-ಜುನ್ ಕೊಲೆಯಲ್ಲಿ ತನ್ನ ಕೈಯೂ ಇತ್ತು ಅಂತ ಅವನು ಎಲ್ಲರ ಮುಂದೆ ಒಪ್ಪಿಕೊಳ್ಳುತ್ತಾನೆ.

ಈ ಯೋಚನೆ ಕೆಟ್ಟದ್ದಲ್ಲ. ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಮಾಡಿದ ನೌಕರನಿಗೂ ಪಾಪದಲ್ಲಿ ಪಾಲಿದೆ ಅನ್ನುವುದು ದೊಡ್ಡ ಮಾತು. ಆದರೆ ಅದನ್ನು ಒಂದೇ ಕಂತಿನಲ್ಲಿ ತುರುಕಿದ್ದಾರೆ. ಐದನೇ ಕಂತಿನಲ್ಲೋ ಎಂಟನೇ ಕಂತಿನಲ್ಲೋ ಒಂದು ಸಣ್ಣ ಎಳೆ ಬಿಟ್ಟಿದ್ದರೆ ನಾನು ಒಪ್ಪುತ್ತಿದ್ದೆ. ಮೂಲ ವೆಬ್ ಕಾದಂಬರಿಯ ಅಂತ್ಯ ಬೇರೆ, ಅದನ್ನು ಓದಿದವರ ಕೋಪಕ್ಕೆ ಅದೇ ಕಾರಣ. ನನ್ನ ಕೋಪ ತಾತನ ಪರವಾಗಿ. ಅಷ್ಟು ಅಳೆದು ತೂಗಿ, ಮಕ್ಕಳನ್ನೆಲ್ಲ ಬಿಟ್ಟು, ಅವನು ಮನಸ್ಸಿನಲ್ಲಿ ಆರಿಸಿಕೊಂಡ ವಾರಸುದಾರ ಆ ಕುರ್ಚಿಯ ಮೇಲೆ ಒಂದು ದಿನವೂ ಕೂರಲಿಲ್ಲ. ಅತ್ತೆ ಕೊನೆಯ ಕಂತು ಅರ್ಧಕ್ಕೇ ಎದ್ದು ಹೋದರು. ನಾನು ಪೂರ್ತಿ ನೋಡಿದೆ, ಮರುದಿನ ತಾತನ ಹಳೆಯ ಕಂತುಗಳನ್ನು ಮತ್ತೆ ಹಾಕಿಕೊಂಡೆ. ನೀವು ನೋಡುವುದಾದರೆ ಮನೆಯ ಹಿರಿಯರ ಜೊತೆ ಕೂತು ನೋಡಿ, ಸಬ್‌ಟೈಟಲ್ ಓದಿ ಹೇಳುವವರು ಒಬ್ಬರಿದ್ದರೆ ಸಾಕು.