ಲಿಟ್ಮಸ್ ಟೆಸ್ಟೋ, ಕೆಸಿಸ್ಯಾನೋ?

ಲಿನಕ್ಸ್ ಕರ್ನಲ್‌ನಲ್ಲಿ ಲಾಕ್ ಇಲ್ಲದೆ ಎರಡು ಸಿಪಿಯು ಒಂದೇ ಮೆಮೊರಿ ಮುಟ್ಟುವ ಕೋಡ್ ಇದೆ. ಪರೀಕ್ಷಿಸಲು ಲಿಟ್ಮಸ್ ಟೆಸ್ಟ್ (ಕ್ರಮದ ಪ್ರಶ್ನೆ ಕೇಳುವ ಪುಟ್ಟ ಮಾದರಿ ಪ್ರೋಗ್ರಾಂ), ಕೆಸಿಸ್ಯಾನ್ (KCSAN, ಇಂಥ ಘರ್ಷಣೆ ಹಿಡಿಯುವ ಕರ್ನಲ್ ಉಪಕರಣ) ಎರಡರಲ್ಲಿ ಯಾವುದನ್ನು ಹಿಡಿಯಬೇಕು?

ಓದು-ಬರಹದ ಕ್ರಮದ ಮೇಲೇ ಅನುಮಾನವಿದ್ದರೆ ಲಿಟ್ಮಸ್ ಟೆಸ್ಟ್. ಒಂದು ಥ್ರೆಡ್ ಬಫರ್‌ಗೆ 1 ಬರೆದು ಫ್ಲ್ಯಾಗ್ ಏರಿಸುತ್ತದೆ. ಇನ್ನೊಂದು ಫ್ಲ್ಯಾಗ್ ನೋಡಿ ಬಫರ್ ಓದುತ್ತದೆ. 'ಫ್ಲ್ಯಾಗ್ 1, ಬಫರ್ 0 ಆಗಬಹುದೇ?' ಎಂದು ಕೊನೆಯಲ್ಲಿ ಕೇಳಿ. ಎಲ್ಲಕ್ಕೂ ಬರೀ ರೈಟ್-ಒನ್ಸ್, ರೀಡ್-ಒನ್ಸ್ (ಕಂಪೈಲರ್ ತಿರುಚದಂತೆ ತಡೆಯುವ, ಆದರೆ ಸಿಪಿಯು ಕ್ರಮ ಕಾಯದ ಬರಹ, ಓದು) ಇದ್ದರೆ ಲಿಟ್ಮಸ್ ಟೆಸ್ಟ್ ಪರಿಶೀಲಿಸುವ ಹರ್ಡ್7 ಉಪಕರಣ 'ಸಮ್‌ಟೈಮ್ಸ್' (ಆಗಬಹುದು) ಎನ್ನುತ್ತದೆ. ಫ್ಲ್ಯಾಗಿಗೆ ಕ್ರಮ ಕಾಯುವ ಸ್ಟೋರ್-ರಿಲೀಸ್ (ಬರಹಕ್ಕೆ), ಲೋಡ್-ಅಕ್ವೈರ್ (ಓದಿಗೆ) ಜೋಡಿ ಹಾಕಿದರೆ 'ನೆವರ್' (ಎಂದೂ ಆಗದು). ಇದು ಮೆಮೊರಿ ಮಾಡೆಲ್ (ಯಾವ ಓದು-ಬರಹ ಯಾವ ಕ್ರಮದಲ್ಲಿ ಕಾಣಬಹುದೆಂಬ ನಿಯಮಗಳು) ಒಪ್ಪುವ ಎಲ್ಲ ಸಾಧ್ಯತೆಗಳನ್ನೂ ಜಾಲಾಡಿ ಕೊಟ್ಟ ಉತ್ತರ. ಹಾಗಾಗಿ ಆರ್ಮ್ ಪ್ರೊಸೆಸರ್‌ನಲ್ಲಿ ಕಾಡುವ ಕ್ರಮದ ಅದಲುಬದಲು ನಿಮ್ಮ ಇಂಟೆಲ್ ಲ್ಯಾಪ್‌ಟಾಪಿನಲ್ಲೇ ಸಿಕ್ಕಿಬೀಳುತ್ತದೆ. ಆದರೆ ಇಡೀ ಡ್ರೈವರನ್ನು ಇದರೊಳಗೆ ತುರುಕಲಾಗದು. ಸಾರಾಂಶದ ಹತ್ತಾರು ಸಾಲು ಅಷ್ಟೇ.

2020ರಲ್ಲಿ 5.8 ಆವೃತ್ತಿಗೆ ಸೇರಿದ ಕೆಸಿಸ್ಯಾನ್ ಓಡುತ್ತಿರುವ ಕರ್ನಲ್‌ನಲ್ಲೇ ಕಾವಲು ಕೂರುತ್ತದೆ. ಕೆಲವು ಮೆಮೊರಿ ಓದು-ಬರಹಗಳನ್ನು ಆರಿಸಿ, ಒಂದು ಕ್ಷಣ ತಡೆದು, ಅಷ್ಟರಲ್ಲಿ ಬೇರೆ ಸಿಪಿಯು ಅದೇ ವಿಳಾಸಕ್ಕೆ ಕೈಹಾಕಿತೇ ಎಂದು ನೋಡುತ್ತದೆ. ವರದಿ ಬಂದಿಲ್ಲವೆಂದ ಮಾತ್ರಕ್ಕೆ ಕೋಡ್ ಸರಿಯಿದೆ ಎಂದುಕೊಳ್ಳಬೇಡಿ. ವರದಿಯ ಬಾಯಿ ಮುಚ್ಚಿಸಲು ರೀಡ್-ಒನ್ಸ್ ಅಂಟಿಸುವವರೂ ಇದ್ದಾರೆ, ಕ್ರಮದ ದೋಷ ಹಾಗೇ ಉಳಿದಿರುತ್ತದೆ.

ಹೊಸದಾಗಿ ಲಾಕ್‌ರಹಿತ ಕ್ಯೂ ಬರೆಯುತ್ತಿದ್ದರೆ ಮೊದಲು ಲಿಟ್ಮಸ್. ಯಾರೋ ಬರೆದಿಟ್ಟ ಹಳೇ ಡ್ರೈವರ್ ತಲೆಗೆ ಬಿದ್ದಿದ್ದರೆ ಕೆಸಿಸ್ಯಾನ್ ಹಾಕಿ, ಚೆನ್ನಾಗಿ ಲೋಡ್ ಕೊಡಿ.