ಮುಚ್ಚಳವಿಲ್ಲದ ಬುಟ್ಟಿಗಳ ರ‍್ಯಾಕ್: ಮೂರು ವರ್ಷ ಬಳಸಿದ ಮೇಲೆ

2022ರ ಜೂನ್‌ನಲ್ಲಿ, ಮಗಳು ಎರಡನೇ ತರಗತಿಗೂ ಮಗ ಎಲ್‌ಕೆಜಿಗೂ ಹೋಗಲು ಆರಂಭಿಸಿದ ವಾರ, ಈ ರ‍್ಯಾಕನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡೆವು. ಸುಮಾರು ಮೂರು ಅಡಿ ಎತ್ತರದ ಪಾರ್ಟಿಕಲ್ ಬೋರ್ಡಿನ ಚೌಕಟ್ಟು, ಮೂರು ಸಾಲು, ಒಂಬತ್ತು ಪ್ಲಾಸ್ಟಿಕ್ ಬುಟ್ಟಿ. ಬುಟ್ಟಿಗಳಿಗೆ ಮುಚ್ಚಳವಿಲ್ಲ. ಬೆಂಗಳೂರಿನ ಧೂಳಿಗೆ ತೆರೆದ ಬುಟ್ಟಿಯೇ ಎಂದು ಮೊದಲು ಮೂಗು ಮುರಿದವಳು ನಾನೇ. ಆದರೆ ಮೂರು ವರ್ಷಗಳಲ್ಲಿ ಕೊಟ್ಟ ಹಣ ಸಾರ್ಥಕವಾದದ್ದು ಆ ಮುಚ್ಚಳ ಇಲ್ಲದಿರುವುದರಿಂದಲೇ.

ಅದಕ್ಕೂ ಮೊದಲು ನಮ್ಮಲ್ಲಿದ್ದವು ಕ್ಲಿಪ್ ಹಾಕುವ ಮುಚ್ಚಳದ ದೊಡ್ಡ ಡಬ್ಬಿಗಳು, ಒಂದರ ಮೇಲೊಂದರಂತೆ ಮೂರು. ನೋಡಲು ಬಲು ಅಚ್ಚುಕಟ್ಟು. ಆದರೆ ಬೇಕಾದ ವಸ್ತು ಸದಾ ಕೆಳಗಿನ ಡಬ್ಬಿಯಲ್ಲೇ ಇರುತ್ತಿತ್ತು. ಒಂದು ಆಟಿಕೆಯನ್ನು ಒಳಗಿಡಬೇಕಾದರೆ ಮಗು ಮೇಲಿನ ಎರಡನ್ನು ಇಳಿಸಿ, ಕ್ಲಿಪ್ ಬಿಡಿಸಿ, ಮುಚ್ಚಿ, ಮತ್ತೆ ಏರಿಸಬೇಕಾಗಿತ್ತು. ನಾಲ್ಕು ವರ್ಷದ ಮಗು ಹಾಗೆ ಮಾಡೀತೆಂದು ನಂಬಿದ್ದು ನಮ್ಮ ತಪ್ಪು. ಈಗ ಅವನು ಮಾಡಬೇಕಾದದ್ದು ಒಂದೇ ಕೆಲಸ: ಬುಟ್ಟಿಗೆ ಹಾಕುವುದು, ಅಥವಾ ಅವನ ರೀತಿಯಲ್ಲಿ, ಎರಡಡಿ ದೂರದಿಂದ ಎಸೆಯುವುದು. ಮಾರಿಯಾ ಮಾಂಟೆಸರಿಯವರು 1907ರಲ್ಲಿ ರೋಮ್‌ನಲ್ಲಿ ತೆರೆದ ಮಕ್ಕಳ ಮನೆಯಲ್ಲೂ ಆರಂಭದಲ್ಲಿ ಪರಿಕರಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರಂತೆ. ಒಂದು ದಿನ ಶಿಕ್ಷಕಿ ಬೀಗ ಹಾಕಲು ಮರೆತಾಗ ಮಕ್ಕಳೇ ಬೇಕಾದದ್ದನ್ನು ಆರಿಸಿಕೊಂಡರು, ಅಲ್ಲಿಂದ ಮುಂದೆ ಕೈಗೆಟಕುವ ತಗ್ಗಿನ ಕಪಾಟುಗಳು ಬಂದವು. ನಮ್ಮ ರ‍್ಯಾಕಿನ ಮೂರಡಿ ಎತ್ತರಕ್ಕೂ ಅದೇ ಗುಣವಿದೆ.

ಬುಟ್ಟಿಗಳನ್ನು ಹಂಚಿದ ಕ್ರಮ ಎರಡು ಬಾರಿ ಕೆಟ್ಟಿತು. ಮೊದಲು ವಸ್ತುಗಳ ಜಾತಿಗೊಂದು ಬುಟ್ಟಿ ಮಾಡಿದೆವು: ಕಾಲುಚೀಲಕ್ಕೊಂದು, ಬಣ್ಣದ ಪೆನ್ಸಿಲ್‌ಗೊಂದು, ಪುಸ್ತಕಕ್ಕೊಂದು. ಬೆಳಿಗ್ಗೆ ಏಳೂಮುಕ್ಕಾಲಿಗೆ ವ್ಯಾನ್ ಹಾರ್ನ್ ಹೊಡೆಯುವಾಗ ಒಂದೊಂದು ಮಗುವಿಗೆ ನಾಲ್ಕು ಬುಟ್ಟಿ ತಡಕಬೇಕಾಯಿತು. ಆಮೇಲೆ ಒಬ್ಬೊಬ್ಬರಿಗೆ ‘ನಾಳೆ’ ಎಂಬ ಒಂದು ಬುಟ್ಟಿಯನ್ನು ಮೀಸಲಿಟ್ಟೆವು. ರಾತ್ರಿ ಊಟಕ್ಕೆ ಮುನ್ನ ಡೈರಿ, ಐಡಿ ಕಾರ್ಡ್, ಬೆಲ್ಟ್, ಕಾಲುಚೀಲ, ಶುಕ್ರವಾರವಾದರೆ ಮರುದಿನದ ಬಿಳಿ ಯೂನಿಫಾರ್ಮ್ ಎಲ್ಲವೂ ಅದರೊಳಗೆ ಬೀಳಬೇಕು. ಈ ರ‍್ಯಾಕಿನಿಂದ ಬೇರೇನೂ ಪ್ರಯೋಜನವಾಗದಿದ್ದರೂ ಆ ಎರಡು ಬುಟ್ಟಿಗಳಿಗಾಗಿ ನಾನು ಇದನ್ನು ಇಟ್ಟುಕೊಳ್ಳುತ್ತಿದ್ದೆ.

ಮಗನಿಗೆ ಓದಲು ಬಾರದಿದ್ದ ಕಾಲದಲ್ಲಿ ಬುಟ್ಟಿಗಳಿಗೆ ಚಿತ್ರ ಅಂಟಿಸಿದ್ದೆವು. ಒರೆಸಿ ಒರೆಸಿ ನಾಲ್ಕು ತಿಂಗಳಿಗೆ ಅವು ಕಿತ್ತುಬಂದವು, ಆಮೇಲೆ ಮಾರ್ಕರ್‌ನಲ್ಲೇ ಬರೆದದ್ದು ಇಂದಿಗೂ ಇದೆ. ಮಗಳು ಒಂದರ ಮೇಲೆ ‘ಇತರೆ’ ಎಂದು ಬರೆದದ್ದು ಮಾತ್ರ ದುಬಾರಿಯಾಯಿತು. ಕಳೆದ ದಸರಾ ರಜೆಯಲ್ಲಿ ಅದನ್ನು ಚಾಪೆಯ ಮೇಲೆ ಸುರಿದಾಗ ಎರಡು ಒಂಟಿ ಕಾಲುಚೀಲ, ಬುಗುರಿಯ ದಾರ, ಹಳೆಯ ಐಡಿ ಕಾರ್ಡ್, ನಾವು ಮನೆಯೆಲ್ಲ ಹುಡುಕಿದ್ದ ಬೀರುವಿನ ಬೀಗದ ಕೈ, ಚೌಕಾಬಾರಕ್ಕೆಂದು ಅಜ್ಜಿ ತೇಯ್ದುಕೊಟ್ಟಿದ್ದ ಹುಣಸೆಬೀಜಗಳು ಸಿಕ್ಕವು. ‘ಇತರೆ’ ಈಗಿಲ್ಲ.

ದೋಷಗಳಲ್ಲಿ ಮೊದಲನೆಯದು ಅಪಾಯದ್ದು. ಗೋಡೆಗೆ ಬಿಗಿಯಲು ಎರಡು ಎಲ್ ಆಕಾರದ ಪಟ್ಟಿಗಳು ಪೆಟ್ಟಿಗೆಯಲ್ಲೇ ಇದ್ದವು. ಬಾಡಿಗೆ ಮನೆಯ ಮಾಲೀಕರು ಗೋಡೆ ಕೊರೆಯಬಾರದೆಂದರೆಂದು ನಾವು ಅವನ್ನು ಡ್ರಾಯರ್‌ನಲ್ಲಿಟ್ಟು ಮರೆತೆವು. ಒಂದು ಸಂಜೆ ಮಗ ಕೆಳಸಾಲಿನ ಅಂಚಿಗೆ ಕಾಲಿಟ್ಟು ಮೇಲಿನ ತುಂಬಿದ ಬುಟ್ಟಿಯನ್ನು ಎಳೆದಾಗ ಇಡೀ ರ‍್ಯಾಕ್ ಮುಂದಕ್ಕೆ ವಾಲಿತು. ಪಕ್ಕದಲ್ಲೇ ಕುಳಿತು ಹೂ ಕಟ್ಟುತ್ತಿದ್ದ ಅತ್ತೆ ಭುಜ ಕೊಟ್ಟು ತಡೆದರು. ಮರುದಿನ ಮಾಲೀಕರಿಗೆ ನಡೆದದ್ದನ್ನು ಹೇಳಿದೆ. ಖಾಲಿ ಮಾಡುವಾಗ ಪುಟ್ಟಿ ತುಂಬಿಸಿಕೊಡಬೇಕೆಂಬ ಷರತ್ತಿನ ಮೇಲೆ ಎರಡು ತೂತಿಗೆ ಒಪ್ಪಿದರು. ಭಾರವಾದದ್ದೆಲ್ಲ ಈಗ ಕೆಳಸಾಲಿನಲ್ಲಿದೆ. ಗೋಡೆಗೆ ಬಿಗಿಯಲು ಸಾಧ್ಯವಿಲ್ಲದವರು ದಯವಿಟ್ಟು ಇದನ್ನು ಕೊಳ್ಳಬೇಡಿ.

ಪಾರ್ಟಿಕಲ್ ಬೋರ್ಡಿಗೆ ನೀರು ಆಗದು. ದಿನವೂ ನೆಲ ಒರೆಸುವ ಮನೆಯಲ್ಲಿ ಒಂದೇ ಮಳೆಗಾಲಕ್ಕೆ ತಳದ ಅಂಚು ಉಬ್ಬಿ ಪುರಿಯಂತಾಯಿತು. ಗ್ರಾನೈಟಿನ ನಾಲ್ಕು ತುಂಡುಗಳ ಮೇಲೆ ಎತ್ತಿಟ್ಟ ನಂತರ ಅದು ಹೆಚ್ಚಲಿಲ್ಲ. ನಡುವಿನ ಹಲಗೆ ಹಳೆಯ ನೋಟ್‌ಬುಕ್‌ಗಳ ಭಾರಕ್ಕೆ ಬೆರಳಷ್ಟು ಬಾಗಿದೆ. ಬುಟ್ಟಿಗಳ ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿಯಿದೆ, ಅಂದರೆ ಪಾಲಿಪ್ರೊಪಿಲೀನ್. ಗಟ್ಟಿಯಾದ ಪ್ಲಾಸ್ಟಿಕ್ಕೇ ಆದರೂ ಬಿಸಿಲಿಗೆ ಪೆಡಸಾಗುತ್ತದೆ. ಕಿಟಕಿಯ ಪಕ್ಕದ ಎರಡರ ಹಿಡಿಗಳು ಕಳೆದ ಬೇಸಿಗೆಯಲ್ಲಿ ಕೈಯಲ್ಲೇ ಮುರಿದು ಬಂದವು. ಅದೇ ಅಳತೆಯ ಬಿಡಿ ಬುಟ್ಟಿ ಮಾರಾಟಗಾರರ ಬಳಿ ಈಗ ಸಿಗುತ್ತಿಲ್ಲ; ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ಕೊಂಡವು ಅರ್ಧ ಇಂಚು ಅಗಲವಾಗಿ, ಖಾನೆಯೊಳಗೆ ಹೋಗದೆ, ಈಗ ಅಡುಗೆಮನೆಯಲ್ಲಿ ಈರುಳ್ಳಿ ಹಿಡಿದು ಕುಳಿತಿವೆ. ಧೂಳಿನ ವಿಷಯ ಹೇಳುವುದಾದರೆ, ತಿಂಗಳಿಗೊಮ್ಮೆ ಬುಟ್ಟಿ ತೊಳೆದರೆ ಮುಗಿಯಿತು.

ಮಗಳು ಐದನೇ ತರಗತಿಗೆ ಬಂದಳು, ತನ್ನ ಸಾಮಾನಿಗೆ ಬಾಗಿಲಿರುವ ಕಪಾಟು ಬೇಕೆನ್ನುತ್ತಿದ್ದಾಳೆ. ಹಾಗಾಗಿ ಬಡಗಿಯನ್ನು ಕರೆಸಿ ಹೊಸ ಚೌಕಟ್ಟಿಗೆ ಅಳತೆ ಕೊಟ್ಟಿದ್ದೇವೆ: ಪ್ಲೈವುಡ್, ಅದೇ ಮೂರಡಿ, ಅವಳ ಭಾಗಕ್ಕಷ್ಟೇ ಬಾಗಿಲು. ಉಳಿದ ಏಳು ಬುಟ್ಟಿಗಳ ಅಳತೆಗೇ ಖಾನೆ ಮಾಡಿಸುತ್ತಿದ್ದೇವೆ.