ಹಳ್ಳಿಗಳ ಸಮೀಕ್ಷೆಗೆ ಬಳಸಿದ ಮಲಪರೀಕ್ಷೆಯ ಕಿಟ್: ಒಂದು ವಿಮರ್ಶೆ

ಯಾವ ಕಾಯಿಲೆಯೂ ಇಲ್ಲದ ಹಳ್ಳಿಗರ ಕರುಳಿನಲ್ಲಿ ಆ್ಯಂಟಿಬಯಾಟಿಕ್‌ಗಳಿಗೆ ಜಗ್ಗದ ಬ್ಯಾಕ್ಟೀರಿಯಾ ಎಷ್ಟರಮಟ್ಟಿಗೆ ನೆಲೆಸಿವೆ ಎಂದು ತಿಳಿಯುವ ಸಮೀಕ್ಷೆಗಾಗಿ ನಮ್ಮ ತಂಡವು ಸಿದ್ಧ ಕಿಟ್ಟೊಂದನ್ನು ಎರಡು ಸುತ್ತು ಬಳಸಿತು. ಅದರಲ್ಲಿ ಮಲದ ಮಾದರಿಯನ್ನು ಪ್ರಯೋಗಾಲಯಕ್ಕೆ ಸಾಗಿಸಲು ಕ್ಯಾರಿ-ಬ್ಲೇರ್ ಮಾಧ್ಯಮ ತುಂಬಿದ ಕೊಳವೆಗಳು, ಮಾದರಿ ತೆಗೆಯುವ ಸ್ವಾಬ್ ಕಡ್ಡಿಗಳು, ಲೀಟರಿಗೆ 4 ಮಿಲಿಗ್ರಾಂ ಸೆಫೊಟ್ಯಾಕ್ಸಿಮ್ ಎಂಬ ಆ್ಯಂಟಿಬಯಾಟಿಕ್ ಬೆರೆಸಿದ ಮ್ಯಾಕಾಂಕಿ ಅಗಾರ್ ತಟ್ಟೆಗಳು (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳು; ಆ ಔಷಧಕ್ಕೆ ಜಗ್ಗದವು ಮಾತ್ರ ಇವುಗಳಲ್ಲಿ ಬೆಳೆಯುತ್ತವೆ), ಫಲಿತಾಂಶವನ್ನು ಖಚಿತಪಡಿಸುವ, ಔಷಧ ಹೀರಿಸಿದ ಪುಟ್ಟ ಡಿಸ್ಕ್‌ಗಳು ಮತ್ತು ಒಂದು ಕರಪತ್ರ ಇರುತ್ತವೆ.

ಕೊಳವೆಗಳ ಬಗ್ಗೆ ನನಗೆ ಮೆಚ್ಚುಗೆಯಿದೆ. ಮಾಧ್ಯಮವು ಅರೆಗಟ್ಟಿಯಾಗಿದ್ದು ಅದರಲ್ಲಿ ಪೋಷಕಾಂಶ ತೀರಾ ಕಡಿಮೆ ಇರುವುದರಿಂದ, ತಣ್ಣಗಿಟ್ಟು ಸಾಗಿಸಿದರೆ ಬ್ಯಾಕ್ಟೀರಿಯಾ ಬೇಗ ಸಾಯುವುದೂ ಇಲ್ಲ, ದಾರಿಯಲ್ಲಿ ಹೆಚ್ಚಿಕೊಂಡು ಮೂಲ ಪ್ರಮಾಣವನ್ನು ಕೆಡಿಸುವುದೂ ಇಲ್ಲ. ಪ್ರಯೋಗಾಲಯ ಒಂದು ದಿನದ ದಾರಿಯಾಗಿರುವಲ್ಲಿ ಇದು ಸಣ್ಣ ಅನುಕೂಲವಲ್ಲ. ಡಿಸ್ಕ್‌ಗಳೂ ಚೆನ್ನಾಗಿವೆ. ಸೆಫೊಟ್ಯಾಕ್ಸಿಮ್ ಡಿಸ್ಕ್‌ನ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿಯುವ ವಲಯಕ್ಕಿಂತ ಕ್ಲಾವುಲಾನಿಕ್ ಆಮ್ಲ ಸೇರಿದ ಡಿಸ್ಕ್‌ನ ವಲಯ 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಅಗಲವಾಗಿದ್ದರೆ ಔಷಧವನ್ನು ಒಡೆಯುವ, ಆದರೆ ಈ ಆಮ್ಲ ತಡೆಯಬಲ್ಲ ಇಎಸ್‌ಬಿಎಲ್ ಎಂಬ ಕಿಣ್ವ ಬ್ಯಾಕ್ಟೀರಿಯಾದಲ್ಲಿ ಇದೆಯೆಂದು ಅರ್ಥ. ಆದರೆ ಒಂದು ಪೊಟ್ಟಣ ಹರಿದು ತೇವ ಹೊಕ್ಕಿತ್ತು. ಫಲಿತಾಂಶ ಹೇಗಿರಬೇಕೆಂದು ಮೊದಲೇ ಗೊತ್ತಿರುವ ಬ್ಯಾಕ್ಟೀರಿಯಾವನ್ನು (ನಿಯಂತ್ರಣ ತಳಿ) ಜೊತೆಗೇ ಪರೀಕ್ಷಿಸಿದ್ದರಿಂದ ಅದು ಗೊತ್ತಾಯಿತು, ಇಲ್ಲವಾದರೆ ಸುಳ್ಳು ಅಂಕಿಗಳು ದಾಖಲಾಗುತ್ತಿದ್ದವು.

ನನ್ನ ಮುಖ್ಯ ಆಕ್ಷೇಪ ತಟ್ಟೆಗಳದ್ದು. ಔಷಧ ಬೆರೆಸದ ತಟ್ಟೆಯನ್ನು ಕಿಟ್ ಕೊಡುವುದೇ ಇಲ್ಲ. ಹಾಗಾಗಿ ಒಟ್ಟು ಬ್ಯಾಕ್ಟೀರಿಯಾಗಳಲ್ಲಿ ನಿರೋಧಕವಾದವು, ಅಂದರೆ ಔಷಧಕ್ಕೆ ಜಗ್ಗದವು, ಎಷ್ಟು ಪಾಲು ಎಂದು ಹೋಲಿಸಿ ನೋಡಲಾಗದು. ಹತ್ತು ಸಾವಿರದಲ್ಲಿ ಒಂದೇ ಒಂದು ನಿರೋಧಕ ಇ. ಕೋಲಿ (ಕರುಳಿನಲ್ಲಿ ಸಾಮಾನ್ಯವಾಗಿರುವ ಬ್ಯಾಕ್ಟೀರಿಯಾ) ಇರುವವರೂ, ಬಹುಪಾಲು ನಿರೋಧಕವೇ ಆಗಿರುವವರೂ ಹೀಗೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅದಲ್ಲದೆ ಸೆಫೊಟ್ಯಾಕ್ಸಿಮ್ ಒಂದನ್ನೇ ನೋಡಿದರೆ ಹಳೆಯ, ಅಗ್ಗದ ಔಷಧಗಳ ವಿಷಯ ಮುಚ್ಚಿಹೋಗುತ್ತದೆ. ಪೆರು ಮತ್ತು ಬೊಲಿವಿಯಾದ ನಾಲ್ಕು ಪಟ್ಟಣ ಪ್ರದೇಶಗಳ 3,174 ಆರೋಗ್ಯವಂತ ಮಕ್ಕಳ ಇ. ಕೋಲಿಯನ್ನು ಪರೀಕ್ಷಿಸಿದಾಗ ಆ್ಯಂಪಿಸಿಲಿನ್‌ಗೆ ಶೇ. 95ರಷ್ಟು, ಟೆಟ್ರಾಸೈಕ್ಲಿನ್‌ಗೆ ಶೇ. 93ರಷ್ಟು ನಿರೋಧಕತೆ ಕಂಡಿತ್ತು. ಇನ್ನೊಂದು ತುದಿಯಲ್ಲಿ, 2009ರಲ್ಲಿ ಮೊದಲ ಬಾರಿಗೆ ಹೊರಗಿನ ವೈದ್ಯಕೀಯ ತಂಡವನ್ನು ಕಂಡ ವೆನೆಜುವೆಲಾದ ಯಾನೊಮಾಮಿ ಬುಡಕಟ್ಟಿನ ಸಮುದಾಯವೊಂದರಲ್ಲಿ ಬೆಳೆಸಿದ ಇ. ಕೋಲಿ ಔಷಧಗಳಿಗೆ ಮಣಿಯುತ್ತಿದ್ದರೂ, ನಿರೋಧಕ ಜೀನ್‌ಗಳು ಮಾತ್ರ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಅಡಗಿದ್ದವು. ತಟ್ಟೆಯಲ್ಲಿ ಏನೂ ಬೆಳೆಯದಿದ್ದರೆ ‘ನಿರೋಧಕತೆ ಇಲ್ಲ’ ಎಂದು ಬರೆಯುವಂತೆ ಕರಪತ್ರ ಹೇಳುತ್ತದೆ. ಅಷ್ಟು ದೊಡ್ಡ ಮಾತನ್ನು ಹೇಳುವ ಶಕ್ತಿ ಈ ತಟ್ಟೆಗಿಲ್ಲ.

ಅದೇ ಕರಪತ್ರವು ತಟ್ಟೆಯಲ್ಲಿ ಬ್ಯಾಕ್ಟೀರಿಯಾದ ಗುಂಪು (ಕಾಲನಿ) ಬೆಳೆದವರನ್ನು ‘ಪಾಸಿಟಿವ್’ ಎಂದು ಕರೆದು, ಚಿಕಿತ್ಸೆಗೆ ವೈದ್ಯರನ್ನು ಕಾಣುವಂತೆ ಸೂಚಿಸುತ್ತದೆ. ಇದನ್ನು ನಾನು ಒಪ್ಪಲಾರೆ. ಆಟವಾಡಿಕೊಂಡಿದ್ದ ಮಗುವಿನ ತಾಯಿಯೊಬ್ಬರು ಆ ಪದವನ್ನು ಕೇಳಿ, “ಯಾವ ಮಾತ್ರೆ ಕೊಡಬೇಕು, ಹೇಳಿ” ಎಂದು ಕಣ್ಣೀರು ತುಂಬಿಕೊಂಡು ನಿಂತರು. ಈ ಬ್ಯಾಕ್ಟೀರಿಯಾಗಳನ್ನು ಕರುಳಿನಲ್ಲಿ ಹೊತ್ತಿರುವುದು ಕಾಯಿಲೆಯಲ್ಲ. ಅದಕ್ಕೆಂದು ಆ್ಯಂಟಿಬಯಾಟಿಕ್ ನುಂಗಿಸಿದರೆ ಔಷಧಕ್ಕೆ ಮಣಿಯುವ ಬ್ಯಾಕ್ಟೀರಿಯಾ ಸತ್ತು, ಮಣಿಯದವಕ್ಕೇ ಜಾಗ ಸಿಗುತ್ತದೆ. ಮಾತ್ರೆ ಬೇಕಾಗಿಲ್ಲವೆಂದೂ, ಶುದ್ಧ ನೀರು, ಶೌಚಾಲಯ ಮತ್ತು ಕೈತೊಳೆಯುವ ಅಭ್ಯಾಸದಿಂದ ಇವು ಒಬ್ಬರಿಂದ ಒಬ್ಬರಿಗೆ ದಾಟುವುದು ಕಡಿಮೆಯಾಗುತ್ತದೆಂದೂ ಅವರಿಗೆ ಬಿಡಿಸಿ ಹೇಳಲು ಬಹಳ ಹೊತ್ತು ಹಿಡಿಯಿತು.

ಮುಂದಿನ ಸುತ್ತಿಗೆ ಕೊಳವೆಗಳನ್ನೂ ಡಿಸ್ಕ್‌ಗಳನ್ನೂ ಇದೇ ತಯಾರಕರಿಂದ ತರಿಸುತ್ತೇವೆ. ತಟ್ಟೆಗಳನ್ನು, ಔಷಧ ಬೆರೆಸಿದ್ದು ಮತ್ತು ಬೆರೆಸದ್ದು ಎರಡನ್ನೂ, ಪ್ರಯೋಗಾಲಯದಲ್ಲೇ ತಯಾರಿಸಿಕೊಳ್ಳುತ್ತೇವೆ. ಕರಪತ್ರವನ್ನು ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರ ಜೊತೆ ಕುಳಿತು ಹೊಸದಾಗಿ ಬರೆಯುತ್ತಿದ್ದೇವೆ.